ಕಿವಿಗೇಕೆ ಮಡಿ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈ ಸಲ ಸಂಗೀತ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಗೀತ ಕಲಿಯುವವರದ್ದಲ್ಲ, ಕೇಳುವವರದ್ದು. ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ದೂರು ಒಂದೇ: 'ನಾನು ಕೇಳುವುದನ್ನು ಅವರು ಸಂಗೀತವೆಂದೇ ಒಪ್ಪುವುದಿಲ್ಲ.' ಆಯ್ದ ಏಳು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ನಮ್ಮ ಮನೆಯಲ್ಲಿ ಮೊದಲಿನಿಂದ ಹಿಂದೂಸ್ತಾನಿ ಕೇಳುವ ರೂಢಿ. ಕಾಲೇಜಿಗೆ ಹೋಗುವ ಮಾಣಿ ಈಗ ಹೆವಿ ಮೆಟಲ್ ಹಿಡಿದುಕೊಂಡಿದ್ದಾನೆ. ಅವನ ಅಪ್ಪ 'ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ' ಅಂತಾರೆ. ಮಾಣಿ 'ನಿಮ್ಮ ಆಲಾಪಕ್ಕೆ ನಿದ್ದೆ ಬರ್ತದೆ' ಅಂತಾನೆ. ಅವನು ಅದರಲ್ಲಿ ಏನು ಕೇಳ್ತಾನೆ ಅಂತ ನನಗೆ ನಿಜವಾಗಿ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?
(ಮಾಣಿಯ ಆಯಿ, ಶಿರಸಿ)

ಮೊದಲು ಫೋನಿನ ಸ್ಪೀಕರ್ ಬದಿಗಿಡಿ. ನಿಮ್ಮ ಮನೆಯ ಅರ್ಧ ಜಗಳ ಅಲ್ಲಿಯದ್ದು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಸುಮಾರು 300 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 300 ಕಂಪನಕ್ಕಿಂತ) ಕೆಳಗಿನ ನಾದ ಬಹುಮಟ್ಟಿಗೆ ಹೊರಗೆ ಬರುವುದೇ ಇಲ್ಲ. ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಸ್‌ನದು, ಸಾಮಾನ್ಯ ಗಿಟಾರಿನದು 82. ಈ ತಳಪಾಯ ಹೋದರೆ ಉಳಿಯುವುದು ತಾಳದ ತಟ್ಟೆಗಳ ಸಿಳ್ಳು ಮತ್ತು ಗಿಟಾರಿನ ಕರಕರ. ನಿಮ್ಮ ಯಜಮಾನರು ಕೇಳಿದ್ದು ಅದನ್ನೇ. ಮಾಣಿಗೂ ಇದೇ ಗತಿ. ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಗಂಡು ಶ್ರುತಿಯ ತಂಬೂರಿಯಲ್ಲಿ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ 69 ಹರ್ಟ್ಸ್‌ನಲ್ಲಿರುತ್ತದೆ. ಫೋನಿನಲ್ಲಿ ಅದರ ಮೈ ಸಿಗುವುದಿಲ್ಲ, ಮೇಲಿನ ಝೇಂಕಾರ ಮಾತ್ರ. ತಂಬೂರಿಯ ಆಸರೆ ತಪ್ಪಿದ ಆಲಾಪ ಬೇಸರ ತರಿಸಿದರೆ ಹುಡುಗನ ತಪ್ಪಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನೋ ತಕ್ಕಮಟ್ಟಿಗೆ ದೊಡ್ಡ ಸ್ಪೀಕರನ್ನೋ ಬಳಸಿ. ಧ್ವನಿ ನಡುಮಟ್ಟದಲ್ಲಿರಲಿ.

ಮಾಣಿಯ ಹತ್ತಿರ ಒಂದೇ ಹಾಡು ಆರಿಸಿ ಕೊಡಲು ಹೇಳಿ. ನಾಲ್ಕೈದು ನಿಮಿಷದ್ದು ಸಾಕು, ಹತ್ತು ಹಾಡಿನ ಪಟ್ಟಿ ಬೇಡ. ಅದನ್ನು ಮೂರು ದಿನ, ದಿನಕ್ಕೆ ಎರಡು ಸಲ ಕೇಳಿ. ಮೊದಲ ದಿನ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ. ಎರಡೂ ಕಾಲಿನಿಂದ ದಪ್ಪ ಡ್ರಮ್ಮನ್ನು ದುಗುಣದಲ್ಲೋ ಚೌಗುಣದಲ್ಲೋ ನುಡಿಸುತ್ತಿರುತ್ತಾರೆ, ಮೇಲೆ ಕೈಗಳು ಬೇರೆ ಲೆಕ್ಕ ಹಿಡಿದಿರುತ್ತವೆ. ತಬಲಾ ಕೇಳಿ ಪಳಗಿದ ಕಿವಿಗೆ ಇದು ಬೇಗ ಸಿಕ್ಕುತ್ತದೆ. ಎರಡನೆಯ ದಿನ ಗಿಟಾರ್. ಮಾತಿನ ಕಡೆಗೆ ಮೂರನೆಯ ದಿನ ಬನ್ನಿ. ಗುರುಗುಟ್ಟುವ ಗಂಟಲಿನಿಂದಲೇ ಶುರು ಮಾಡಿದವರು ಹೆಚ್ಚಾಗಿ ಅಲ್ಲಿಯೇ ಕೈಬಿಡುತ್ತಾರೆ.

ಗಿಟಾರಿನ ದಿನ ಒಂದು ವಿಷಯ ಗಮನಿಸಿ. ಅದರ ನಾದವನ್ನು ಬೇಕೆಂದೇ ಒಡೆದಿರುತ್ತಾರೆ, ಆಗ ಮೇಲಿನ ಸ್ವನಗಳು, ಅಂದರೆ ಮೂಲ ಸ್ವರದ ಜೊತೆಗೇ ಏಳುವ ಏರುನಾದಗಳು, ದಂಡಿಯಾಗಿ ಹುಟ್ಟುತ್ತವೆ. ಆ ಗದ್ದಲದಲ್ಲಿ ಗಾಂಧಾರವನ್ನೂ ಸೇರಿಸಿದರೆ ನಾದ ಕಲಸಿಹೋಗುತ್ತದೆ. ಆದ್ದರಿಂದ ವಾದಕರು ಎರಡೇ ಸ್ವರ ಉಳಿಸಿಕೊಳ್ಳುತ್ತಾರೆ: ಷಡ್ಜ ಮತ್ತು ಪಂಚಮ. ಮೆಟಲ್ ಸಂಗೀತದ ಬೆನ್ನೆಲುಬು ಈ ಸಾ-ಪಾ ಜೋಡಿ. ನಿಮ್ಮ ಮನೆಯ ತಂಬೂರಿಯಲ್ಲಿಯೂ ಇರುವುದು ಪಾ, ಸಾ, ಸಾ, ಖರ್ಜದ ಸಾ. ತಂತಿ ಹಾಯುವ ಕುದುರೆಯ ಮೇಲೆ ನೂಲೆಳೆ ಸರಿಸಿ ಜವಾರಿ (ಝೇಂಕಾರ) ಬಿಡಿಸುವುದೂ ಮೇಲಿನ ಸ್ವನಗಳನ್ನು ಎಬ್ಬಿಸುವುದಕ್ಕೇ. ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ, ನಾದದ ಮೈ ತುಂಬಿಸಲು ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದಿದ್ದಾರೆ. ಇದನ್ನು ಅಪ್ಪನಿಗೂ ಮಗನಿಗೂ ಒಟ್ಟಿಗೆ ಕೂರಿಸಿ ಕೇಳಿಸಿ.

ಮೂರು ದಿನದ ಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಅದು ರುಚಿ, ಅದರಲ್ಲಿ ತಪ್ಪಿಲ್ಲ. ಮತ್ತೆ ಮತ್ತೆ ಎದುರಾದದ್ದರ ಮೇಲೆ ಮನಸ್ಸಿಗೆ ಒಲವು ಹುಟ್ಟುತ್ತದೆಂದು ರಾಬರ್ಟ್ ಝಾಯೊನ್ಸ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲೇ ತೋರಿಸಿದ್ದರು. ಒಂದೇ ಸಲ ಕೇಳಿ ಕೊಟ್ಟ ತೀರ್ಪಿಗೆ ಬೆಲೆ ಕಡಿಮೆ ಎನ್ನುವುದು ಅದಕ್ಕಾಗಿ.

ನಾನು ಯಕ್ಷಗಾನದ ಹುಚ್ಚಿನವ. ಸಂಗೀತ ಕಲಿತ ಸ್ನೇಹಿತರು 'ಭಾಗವತಿಕೆಯಲ್ಲಿ ರಾಗ ಶುದ್ಧ ಇಲ್ಲ, ಬರೀ ಕೂಗು' ಎಂದು ಹೇಳಿದಾಗ ಉತ್ತರ ತೋಚುವುದಿಲ್ಲ.
(ಕುಮಟಾ)

ನಿಮ್ಮ ಸ್ನೇಹಿತರು ಅಡಿಕೆ ತೂಗುವ ತಕ್ಕಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾರೆ. ಖಯಾಲ್ ಗಾಯಕನ ಮುಂದೆ ರಾಗ ಮಾತ್ರ ಇರುತ್ತದೆ. ಭಾಗವತರ ಮುಂದೆ ವೇಷ ನಿಂತಿರುತ್ತದೆ, ಪಕ್ಕದಲ್ಲಿ ಮದ್ದಳೆ, ಚಂಡೆ. 'ಭಾಗವತರೇ ಒಂದನೇ ವೇಷ' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಬಯಲಿನಲ್ಲಿ ಚಂಡೆಯ ಪೆಟ್ಟನ್ನು ದಾಟಿ ಸಾಹಿತ್ಯ ಕೊನೆಯ ಸಾಲಿಗೆ ಮುಟ್ಟಬೇಕು. ಏರುಶ್ರುತಿ ಬಂದದ್ದು ಆ ಅಗತ್ಯದಿಂದ.

ಹೆಸರುಗಳ ಗೊಂದಲವೂ ಇದೆ, ಓದಿದವರು ಎಡವುವುದು ಇಲ್ಲಿಯೇ. ಪ್ರಸಂಗದ ಪುಸ್ತಕದಲ್ಲಿ ಪದದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ. 'ಭೈರವಿ, ಝಂಪೆ' ಎಂದು ಕಂಡೊಡನೆ ಹಿಂದೂಸ್ತಾನಿ ಭೈರವಿಯನ್ನು ಹುಡುಕಿದರೆ ಸಿಗುವುದಿಲ್ಲ. ದಕ್ಷಿಣದ ಭೈರವಿಯೇ ಬೇರೆ, ಉತ್ತರದ್ದೇ ಬೇರೆ. ತಾಳದಲ್ಲಿಯೂ ಅಷ್ಟೆ. ಯಕ್ಷಗಾನದ ರೂಪಕಕ್ಕೆ ಆರು ಅಕ್ಷರ, ಹಿಂದೂಸ್ತಾನಿ ರೂಪಕಕ್ಕೆ ಏಳು ಮಾತ್ರೆ. ಮೂರು, ಎರಡು, ಎರಡು ಎಂದು ಸಾಗುವ ಆ ಏಳರ ಲೆಕ್ಕ ನಮ್ಮಲ್ಲಿ ತ್ರಿವುಡೆಯದ್ದು. ಹೆಸರು ನಂಬಿ ಕೈತಟ್ಟಿದವ ತಾಳ ತಪ್ಪುತ್ತಾನೆ, ಆಮೇಲೆ 'ಭಾಗವತರ ತಾಳವೇ ಸರಿಯಿಲ್ಲ' ಎನ್ನುತ್ತಾನೆ.

ಹಾಗೆಂದು ಭಾಗವತಿಕೆಯಲ್ಲಿ ಒಳ್ಳೆಯದು ಕೆಟ್ಟದು ಇಲ್ಲವೆಂದಲ್ಲ, ಖಂಡಿತ ಇದೆ. ಸಾಹಿತ್ಯ ಒಡೆಯದೆ ಕೇಳಿಸಿತೇ? ಎತ್ತುಗಡೆಯ (ಪದ ಎತ್ತಿಕೊಳ್ಳುವಾಗಿನ) ಲಯ ವೇಷದ ನಡೆಗೆ ಹೊಂದಿತೇ? ಕುಣಿತಕ್ಕೆಂದು ಸಾಲನ್ನು ಮತ್ತೆ ಮತ್ತೆ ಎತ್ತುವಾಗ ಭಾವ ಏರಿತೇ, ಬರೀ ಉದ್ದವಾಯಿತೇ? ಬಿಡ್ತಿಗೆ (ಪದದ ನಡುವಿನ ಚಂಡೆ, ಮದ್ದಳೆಯ ನುಡಿತ) ಮುಗಿದು ಪದಕ್ಕೆ ಮರಳುವಾಗ ಜಾರಿತೇ? ಶ್ರುತಿ ಬಿಟ್ಟಿತೇ? ಗುಣವಂತೆಯ ಕೆರೆಮನೆ ಮೇಳಕ್ಕೆ 1934ರಿಂದಲೂ ಪ್ರೇಕ್ಷಕರಾಗಿ ಬಂದವರು ಈ ಪ್ರಶ್ನೆಗಳನ್ನು ಕೇಳಿಯೇ ಭಾಗವತರನ್ನು ಒಪ್ಪಿದ್ದಾರೆ, ಬಿಟ್ಟಿದ್ದಾರೆ. ಈ ವಿಮರ್ಶೆ ಮಡಿವಂತಿಕೆ ಅಲ್ಲ.

ಮಡಿ ನಮ್ಮ ಕಡೆಯೂ ಇದೆ, ಅದನ್ನೂ ಹೇಳಬೇಕು. ಪದದಲ್ಲಿ ಸ್ವಲ್ಪ ಆಲಾಪ ಬಂದರೆ 'ಹಿಂದೂಸ್ತಾನಿ ತುರುಕಿದ' ಎಂದು ಎದ್ದುಹೋಗುವವರಿದ್ದಾರೆ. ಆಲಾಪದಿಂದ ವೇಷಧಾರಿ ಕೈಕಟ್ಟಿ ನಿಲ್ಲುವಂತಾದರೆ ಆಕ್ಷೇಪ ನ್ಯಾಯವಾದದ್ದು. ವೇಷ ಅದನ್ನು ಹಿಡಿದು ಅಭಿನಯ ಬೆಳೆಸಿದರೆ ಸಿಟ್ಟಿಗೆ ಕಾರಣವಿಲ್ಲ.

ನಮ್ಮ ಭಜನಾ ಮಂಡಳಿಯಲ್ಲಿ ಹೊಸದಾಗಿ ಸೇರಿದವರೊಬ್ಬರು 'ಹಾರ್ಮೋನಿಯಂ ವಿದೇಶಿ ಪೆಟ್ಟಿಗೆ, ಸ್ವರ ಹಾಳುಮಾಡುತ್ತದೆ, ತೆಗೆಯಿರಿ' ಎನ್ನುತ್ತಾರೆ. ಇದರಲ್ಲಿ ಹುರುಳಿದೆಯೇ?
(ಕಾರವಾರ)

ಇದೆ, ಆದರೆ ಭಜನೆಗೆ ಅನ್ವಯಿಸುವಷ್ಟಿಲ್ಲ. ಹಾರ್ಮೋನಿಯಮ್ಮಿನಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಒಂದೊಂದು ಮನೆಗೆ 100 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾನ). ಅದರ ಶುದ್ಧ ಗಾಂಧಾರ 400ಕ್ಕೆ ಬೀಳುತ್ತದೆ, ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರ 386ರಲ್ಲಿದೆ. 14 ಸೆಂಟ್ ವ್ಯತ್ಯಾಸ. ಪಂಚಮದಲ್ಲಿ ಎರಡೇ ಸೆಂಟ್, ಕಿವಿಗೆ ತಿಳಿಯುವುದಿಲ್ಲ. ಪರೀಕ್ಷಿಸಬೇಕೆಂದಿದ್ದರೆ ಕಪ್ಪು ಒಂದಕ್ಕೆ ತಂಬೂರಿ ಸೇರಿಸಿ, ಗಂಡುದನಿಯ ಮಧ್ಯ ಸಪ್ತಕದ ಗಾಂಧಾರದ ಮನೆಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸೆಕೆಂಡಿಗೆ ಐದಾರು ಸಲ ಅಲೆ ಎದ್ದ ಹಾಗೆ ನಾದ ನಡುಗುತ್ತದೆ. ಪಂಚಮ ಒತ್ತಿದರೆ ಆ ನಡುಕ ಬಹುಪಾಲು ಅಡಗುತ್ತದೆ. ಇದಲ್ಲದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ, ದರ್ಬಾರಿ ರಾಗದ ತೂಗಾಡುವ ಕೋಮಲ ಗಾಂಧಾರವೂ ಬರುವುದಿಲ್ಲ.

ಈ ತಕರಾರು ದೊಡ್ಡವರದ್ದೂ ಆಗಿತ್ತು. ನಿಮ್ಮೂರಿನ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಗೋರರೇ ಹಾರ್ಮೋನಿಯಮ್ಮಿನ ವಿರೋಧಿ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು, ಸಡಿಲಿಸಿದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋದಲ್ಲಿ ಹಾರ್ಮೋನಿಯಂ ಇಲ್ಲ. ಆದರೆ ಅದೇ ಕಾಲದಲ್ಲಿ ಬೈಠಕ್ಕಿನಲ್ಲಿ, ನಾಟಕದ ಕಂಪನಿಯಲ್ಲಿ, ದೇವಸ್ಥಾನದ ಪೌಳಿಯಲ್ಲಿ ಅದು ನುಡಿಯುತ್ತಲೇ ಇತ್ತು. ಒಂದು ಗಾಯನಪದ್ಧತಿಗೆ ಸರಿಹೊಂದದ ವಾದ್ಯವನ್ನು ಎಲ್ಲ ಸಂಗೀತಕ್ಕೂ ಅನರ್ಹವೆಂದು ತೀರ್ಮಾನಿಸಿದ್ದೇ ಆ ನಿಷೇಧದ ತಪ್ಪು.

ಭಜನೆಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಹಾಡುತ್ತಾರೆ. ಕಲಿಯದ ಕಂಠಗಳಿಗೆ ಹಿಡಿದುಕೊಳ್ಳಲು ಒಂದು ಗೂಟ ಬೇಕು, ಪೆಟ್ಟಿಗೆ ಇರುವುದು ಅದಕ್ಕೆ. ಅದನ್ನು ತೆಗೆದರೆ ಎರಡನೆಯ ಪಲ್ಲವಿಗೇ ಶ್ರುತಿ ಕೆಳಗಿಳಿಯುತ್ತದೆ. ಇಟ್ಟುಕೊಳ್ಳಿ. ಆದರೆ ಕರಾವಳಿಯ ಗಾಳಿಗೆ ರೀಡು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ರೀಡು ಶ್ರುತಿ ಬಿಡುತ್ತದೆ. ಹೊಸಬರಿಗೆ ಕೇಳಿಸಿದ ಅಪಸ್ವರ ಅದರದ್ದೂ ಆಗಿರಬಹುದು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಶ್ರುತಿ ಮಾಡಿಸಿ.

ನಾನು ಚಿತ್ರಗೀತೆ ಮಾತ್ರ ಕೇಳುವವಳು. ಸಂಗೀತ ತಿಳಿದವರ ನಡುವೆ ಅದನ್ನು ಹೇಳಲು ನಾಚಿಕೆಯಾಗುತ್ತದೆ.
(ಭಟ್ಕಳ)

ನಾಚಿಕೆ ಬೇಡವೇ ಬೇಡ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ. ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಕೀಳೆನಿಸಿತ್ತು, ಆಕಾಶವಾಣಿಯಿಂದ ಅದು ಹೊರಬಿತ್ತು. ಕೇಳುಗರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ಚಿತ್ರಗೀತೆ ಕೇಳಿಸುವ ವಿವಿಧ ಭಾರತಿಯನ್ನು ಶುರು ಮಾಡಿತು.

'ಮೂರು ನಿಮಿಷದ ಹಾಡು' ಎಂದು ಹಂಗಿಸುವವರಿಗೆ ಒಂದು ಮಾತು ತಿಳಿಸಿ. ಆ ಅಳತೆ ಬಂದದ್ದು ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯಿಂದ, ಒಂದು ಬದಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಹಿಡಿಸುತ್ತಿತ್ತು. ಇಂದು ಹಳೆಯ ಉಸ್ತಾದರದ್ದೆಂದು ಪೂಜಿಸುವ ಧ್ವನಿಮುದ್ರಿಕೆಗಳಲ್ಲಿ ಎಷ್ಟೋ ಅದೇ ಮೂರು ನಿಮಿಷದವು.

'ನಾನು ಎಲ್ಲ ನಮೂನೆಯ ಸಂಗೀತ ಕೇಳುತ್ತೇನೆ' ಎನ್ನುವುದೂ ಒಂದು ಬಗೆಯ ದೊಡ್ಡಸ್ತಿಕೆ ಆಗಬಹುದೇ?
(ಹೊನ್ನಾವರ)

ಆಗಬಹುದು. 1996ರಲ್ಲಿ ರಿಚರ್ಡ್ ಪೀಟರ್ಸನ್ ಮತ್ತು ರೋಜರ್ ಕೆರ್ನ್ ಅಮೆರಿಕದ ಶ್ರೋತೃಗಳ ಬಗ್ಗೆ ಬರೆದರು. ಮೇಲುವರ್ಗದ ರುಚಿ ಈಗ ಶಾಸ್ತ್ರೀಯಕ್ಕೆ ಮಾತ್ರ ಅಂಟಿಕೊಂಡಿಲ್ಲ, ಎಲ್ಲವನ್ನೂ ಸವಿಯುವ ಕಡೆಗೆ ಹೊರಳಿದೆ ಎಂದು. ಅದೇ ವರ್ಷ ಬೆಥನಿ ಬ್ರೈಸನ್ ಇನ್ನೊಂದು ಮಗ್ಗುಲು ತೋರಿಸಿದರು. ಹೆಚ್ಚು ಓದಿದವರು ಬೇಡವೆನ್ನುವ ಪ್ರಕಾರಗಳು ಕಡಿಮೆ, ಆದರೆ ಆ ಕೆಲವು ಯಾವುವೆಂದರೆ ಕಡಿಮೆ ಓದಿದವರು ಹೆಚ್ಚು ಪ್ರೀತಿಸುವಂಥವು: ಹೆವಿ ಮೆಟಲ್, ರ‍್ಯಾಪ್, ಕಂಟ್ರಿ, ಗಾಸ್ಪೆಲ್.

'ಎಲ್ಲ ಕೇಳ್ತೇನೆ, ಆದರೆ...' ಎಂಬ ಮಾತಿನಲ್ಲಿ 'ಆದರೆ' ಆದ ಮೇಲೆ ಬರುವ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ, ನಮ್ಮ ಊರಿನಲ್ಲಿ ಅದನ್ನು ಕೇಳುವವರು ಯಾರೆಂದು ಬರೆಯಿರಿ. ಪಟ್ಟಿಯಲ್ಲಿರುವ ಜನರೆಲ್ಲ ಒಂದೇ ಕೇರಿಯವರೋ ಒಂದೇ ಕಸುಬಿನವರೋ ಆಗಿದ್ದರೆ, ಬೇಡವಾದದ್ದು ಸಂಗೀತವಲ್ಲ.

ನಾವು ಗುಮಟೆ ವಾದ್ಯ ನುಡಿಸುತ್ತ ಗುಮಟೆ ಪಾಂಗ್ ಎಂಬ ಜನಪದ ಹಾಡು ಹಾಡುವವರು. ಸ್ಪರ್ಧೆಗೆ ಹೋದರೆ ನಿರ್ಣಾಯಕರು 'ಸ್ವರ ಬದಲಾವಣೆ ಇಲ್ಲ, ಒಂದೇ ಸಮ ಇದೆ' ಎಂದು ಅಂಕ ಕಡಿಮೆ ಮಾಡುತ್ತಾರೆ. ಚಿತ್ರಗೀತೆಯ ಧಾಟಿ ಸೇರಿಸಿದ ತಂಡಕ್ಕೆ ಬಹುಮಾನ. ನಾವು ಬದಲಾಗಬೇಕೇ?
(ಅಂಕೋಲಾ)

ಬದಲಾಗಬೇಕಾದದ್ದು ನಿರ್ಣಾಯಕರ ಹಾಳೆ. ಬಡಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಸಮುದಾಯದ ಹಾಡುಗಳು ಇದ್ದ ಹಾಗೇ ನೆನಪಿನಲ್ಲಿ ಉಳಿದಿದ್ದಕ್ಕೆ, ಅವನ್ನು ಇನ್ನೊಂದರ ಧಾಟಿಗೆ ಹೊಂದಿಸಿದ್ದಕ್ಕಲ್ಲ.

'ಒಂದೇ ಸಮ' ಎನ್ನುವವರು ವಾದ್ಯವನ್ನು ಹತ್ತಿರದಿಂದ ನೋಡಿಲ್ಲ. ಗುಮಟೆ ಮಣ್ಣಿನದು. ದೊಡ್ಡ ಬಾಯಿಗೆ ಚರ್ಮ, ಹಿಂದಿನ ಚಿಕ್ಕ ಬಾಯಿ ತೆರೆದೇ ಇರುತ್ತದೆ. ಒಂದು ಕೈ ಚರ್ಮದ ಮೇಲೆ ಆಡುವಾಗ ಇನ್ನೊಂದು ಅಂಗೈ ಹಿಂಬಾಯಿಯನ್ನು ಮುಚ್ಚುತ್ತದೆ, ಅರೆ ತೆರೆಯುತ್ತದೆ, ಪೂರ್ತಿ ಬಿಡುತ್ತದೆ. ಒಳಗಿನ ಗಾಳಿಗೆ ದಾರಿ ಹೆಚ್ಚಾದಂತೆ ನಾದ ಏರುತ್ತದೆ, ಮುಚ್ಚಿದಂತೆ ತಗ್ಗಿ ಉಸಿರು ಕಟ್ಟುತ್ತದೆ. ಬದಲಾವಣೆ ಇರುವುದು ಆ ಅಂಗೈಯಲ್ಲಿ. ತಬಲಾದ ಎಡಗೈ ಮಣಿಕಟ್ಟಿನಿಂದ ಒತ್ತಿ ಗುಂಗು ತೆಗೆಯುವುದನ್ನು ಮೆಚ್ಚುವವರು ಇದನ್ನೂ ಮೆಚ್ಚಬೇಕು. ಸಭಾಂಗಣದ ಕಳಪೆ ಮೈಕಿನಲ್ಲಿ ಈ ತಗ್ಗುನಾದ ಮೊದಲು ಸಾಯುತ್ತದೆ, ನಿರ್ಣಾಯಕರ ಕಿವಿಗೆ 'ಟಪ್ ಟಪ್' ಮಾತ್ರ ಉಳಿಯುತ್ತದೆ.

ಆದ್ದರಿಂದ ಹೀಗೆ ಮಾಡಿ. ಮೈಕನ್ನು ಚರ್ಮದ ಬದಿಗೆ ಎರಡು ಅಡಿ ದೂರ ಇಡಲು ಹೇಳಿ. ಹಿಂಬಾಯಿಗೆ ತೀರ ಹತ್ತಿರ ಇಟ್ಟರೆ ಗಾಳಿ ಬಡಿದು ಸದ್ದು ಒಡೆಯುತ್ತದೆ. ವೇದಿಕೆ ಏರುವ ಸ್ವಲ್ಪ ಮೊದಲು ಚರ್ಮಕ್ಕೆ ದೂರದಿಂದ ಬೆಂಕಿಯ ಕಾವು ಕೊಡಿ. ಕರಾವಳಿಯ ಥಂಡಿಗೆ ಚರ್ಮ ಸಡಿಲಾಗಿರುತ್ತದೆ. ಅಂಗೈ ಹಿಡಿದು ನೋಡಿ, ಕೈಗೆ ತಡೆಯದಷ್ಟು ಬಿಸಿಯಾದರೆ ಚರ್ಮಕ್ಕೂ ಹೆಚ್ಚಾಯಿತು, ಅಂಚಿನಲ್ಲಿ ಸೀಳುತ್ತದೆ. ಉಡದ ಚರ್ಮವನ್ನು ಮಾತ್ರ ಬಳಸಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ ಒಂದನೇ ಪಟ್ಟಿಯ ಪ್ರಾಣಿ. ಆಡಿನ ಚರ್ಮ ತೆಳುವಾಗಿ ಹದ ಮಾಡಿಸಿದರೆ ಸಾಕಾಗುತ್ತದೆ. ಗೋವಾದವರು ಆಡಿನ ಚರ್ಮದ ಮೇಲೆಯೇ ಉಳಿಸಿಕೊಂಡು, 2019ರಲ್ಲಿ ಇದೇ ಕುಲದ ಘುಮಟವನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿದರು.

ಹಾಡುವ ಮೊದಲು ಅರ್ಧ ನಿಮಿಷ ತೆಗೆದುಕೊಂಡು ಹಿಂಬಾಯಿಯ ಕೈಕೆಲಸವನ್ನು ನಿರ್ಣಾಯಕರ ಮುಂದೆ ನಿಧಾನವಾಗಿ ತೋರಿಸಿ. ಏನು ಕೇಳಬೇಕೆಂದು ಗೊತ್ತಾದ ಮೇಲೆ ಕೇಳದೆ ಇರುವುದು ಕಷ್ಟ.

ಊರಿನ ಯುವಕರು ಸೇರಿ ಒಂದೇ ಸಂಜೆ ಹಿಂದೂಸ್ತಾನಿ ಗಾಯನ, ಸಿದ್ದಿಗಳ ಡಮಾಮಿ ಕುಣಿತ ಮತ್ತು ಕಾಲೇಜು ಹುಡುಗರ ಬ್ಯಾಂಡ್ ಇಡಬೇಕೆಂದಿದ್ದೇವೆ. ಹಿರಿಯರಿಗೆ ಗಾಬರಿ. ಹೇಗೆ ಜೋಡಿಸಬೇಕು? ನಮ್ಮಲ್ಲಿ ಹಲವರಿಗೆ ಬೈಠಕ್ಕಿನಲ್ಲಿ ಎಲ್ಲಿ 'ವಾಹ್' ಎನ್ನಬೇಕೆಂದೂ ಗೊತ್ತಿಲ್ಲ.
(ಯಲ್ಲಾಪುರ)

ಒಳ್ಳೆಯ ಯೋಚನೆ, ಕೈಬಿಡಬೇಡಿ. ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವಿದೆ. ಅದು ಬ್ಯಾಂಡಿಗೂ ಒಂದೇ, ಬಯಲಾಟಕ್ಕೂ ಒಂದೇ. ಹಿರಿಯರ ಗಾಬರಿ ಗಲಾಟೆಯ ಬಗ್ಗೆಯಾದರೆ ಈ ಉತ್ತರ ಸಾಕು. ಸಂಜೆ 6ಕ್ಕೆ ಶುರು ಮಾಡಿ 9.45ಕ್ಕೆ ಮುಗಿಸಿ.

ಮೂವರಿಗೂ ತಲಾ 60 ನಿಮಿಷ, ನಡುವೆ ಎರಡು ಸಲ 20 ನಿಮಿಷದ ಬಿಡುವು. ಗಾಯನ ಮೊದಲು, ಡಮಾಮಿ ಆಮೇಲೆ, ಬ್ಯಾಂಡ್ ಕೊನೆಗೆ. ಇದು ಮರ್ಯಾದೆಯ ಸಾಲಲ್ಲ, ಕಿವಿಯ ಸಾಲು. ದೊಡ್ಡ ಸದ್ದು ಕೇಳಿದ ಕಿವಿ ಸ್ವಲ್ಪ ಹೊತ್ತು ಮಂದವಾಗಿರುತ್ತದೆ, ಆಗ ತಂಬೂರಿ ಕೇಳಿಸುವುದೇ ಇಲ್ಲ. ಮೈಕ್ ಪರೀಕ್ಷೆ ಮಾತ್ರ ಉಲ್ಟಾ ಮಾಡಿ. ಬ್ಯಾಂಡಿನದ್ದು ಮೊದಲು, ಗಾಯನದ್ದು ಕಡೆಗೆ. ಆಗ ಗಾಯಕರ ಮೈಕುಗಳು ಇಟ್ಟಲ್ಲೇ ಉಳಿಯುತ್ತವೆ. ಗಾಯನಕ್ಕೆ ಐದು ಮೈಕ್: ಕಂಠಕ್ಕೆ ಒಂದು, ತಬಲಾಕ್ಕೆ ಎರಡು, ಹಾರ್ಮೋನಿಯಂ ಮತ್ತು ತಂಬೂರಿಗೆ ಒಂದೊಂದು. ದೀಪಾಲಂಕಾರದ ವಿದ್ಯುತ್ ಲೈನನ್ನು ಧ್ವನಿಯ ಲೈನಿನಿಂದ ಬೇರೆ ಮಾಡಿಸಿ, ಇಲ್ಲದಿದ್ದರೆ ಗಾಯನದ ಉದ್ದಕ್ಕೂ 'ಗುಂಯ್' ಎನ್ನುತ್ತಿರುತ್ತದೆ.

ಸಿದ್ದಿ ಕಲಾವಿದರನ್ನು ಅತಿಥಿಗಳ ಮೆರವಣಿಗೆಯ ಮುಂದೆ ಕುಣಿಸಬೇಡಿ. ನಮ್ಮ ಜಿಲ್ಲೆಯ ಸಮಾರಂಭಗಳಲ್ಲಿ ಅತ್ಯಂತ ನೋವಿನ ರೂಢಿ ಇದು. ಶಾಸ್ತ್ರೀಯಕ್ಕೆ ವೇದಿಕೆ, ಜನಪದಕ್ಕೆ ರಸ್ತೆ. ಅವರಿಗೂ ವೇದಿಕೆ, ಅದೇ ಬೆಳಕು, ಅದೇ ಸಂಭಾವನೆ, ಕರಪತ್ರದಲ್ಲಿ 'ಸಿದ್ದಿ ತಂಡ' ಎಂದು ಮುಗಿಸದೆ ಒಬ್ಬೊಬ್ಬರ ಹೆಸರೂ ಇರಲಿ.

ಇನ್ನು 'ವಾಹ್' ವಿಚಾರ. ಸಾಮಾನ್ಯವಾಗಿ ಮೆಚ್ಚುಗೆ ಬೀಳುವುದು ಸಮ್ಮಿನಲ್ಲಿ, ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆಯಲ್ಲಿ. ದ್ರುತ್ (ವೇಗದ) ತೀನ್‌ತಾಲದಲ್ಲಿ ಅದನ್ನು ಹಿಡಿಯುವುದು ಸುಲಭ. ಹದಿನಾರು ಮಾತ್ರೆಗಳ ಠೇಕಾದಲ್ಲಿ 10ರಿಂದ 13ರ ತನಕ ತಬಲಾದ ಎಡಗೈಯ ಗುಂಗು ನಿಂತುಬಿಡುತ್ತದೆ, ತಿನ್ ತಿನ್ ತಾ ತಾ. 14ನೆಯ ಮಾತ್ರೆಯಲ್ಲಿ 'ಧಿನ್' ಎಂದು ಗುಂಗು ಮರಳುತ್ತದೆ. ಅದನ್ನೂ ಸೇರಿಸಿ ಮೂರು ಎಣಿಸಿ: ಧಿನ್, ಧಿನ್, ಧಾ. ಮುಂದಿನ ಪೆಟ್ಟೇ ಸಮ್.